ಚೇತಕ್‌ನಿಂದ ಗೇರಿಲ್ಲದ ಗಾಡಿಯವರೆಗೆ: ಸ್ಕೂಟರು ನಡೆದು ಬಂದ ದಾರಿ, ನಾವು ಕಲಿಯಬೇಕಾದ ಪಾಠ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿ ಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ರಾಸುಗಳ ವಿಚಾರ, ಮೇವಿನ ವಿಚಾರ, ಸಂಘ ಬೆಳೆದು ಬಂದ ವಿಚಾರ ಬರೆಯಲು ನನಗಿಂತ ತಿಳಿದವರು ಬಹಳ ಜನ ಇದ್ದಾರೆ. ಆದರೆ ಬೆಳಿಗ್ಗೆ ಸಂಜೆ ಡೈರಿ ಮುಂದೆ ಸಾಲಾಗಿ ನಿಲ್ಲುವ ಸ್ಕೂಟರುಗಳ ವಿಚಾರ ಯಾರೂ ಬರೆಯಲಿಕ್ಕಿಲ್ಲ ಅನ್ನಿಸಿತು. ಕ್ಯಾನು ತಲೆ ಮೇಲೆ ಹೊತ್ತು ತರುತ್ತಿದ್ದ ಕಾಲ ಹೋಗಿ ಸೈಕಲ್ ಬಂತು, ಸೈಕಲ್ ಮೂಲೆಗೆ ಸೇರಿ ಸ್ಕೂಟರು ಬಂತು. ಇವತ್ತು ಮನೆಗೊಂದು ಗಾಡಿ ಇದೆ. ಅದು ಎಲ್ಲಿಂದ ಬಂತು, ಹೇಗೆ ಬದಲಾಯಿತು ಅನ್ನುವುದು ಮಾತ್ರ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇತಿಹಾಸ ತಿಳಿದು ನಮಗೇನು ಪ್ರಯೋಜನ ಅಂತ ಯಾರಾದರೂ ಕೇಳಬಹುದು. ಪ್ರಯೋಜನ ಇದೆ. ಸ್ಕೂಟರಿನ ಎಂಜಿನ್ ನಮ್ಮ ಕಾಲದಲ್ಲೇ ಪೂರ್ತಿ ಬದಲಾಗಿದೆ. ಓಡಿಸುವ ನಮ್ಮ ಕೈ ಮತ್ತು ನೋಡಿಕೊಳ್ಳುವ ನಮ್ಮ ಅಭ್ಯಾಸ ಮಾತ್ರ ಹಿಂದಿನ ಗಾಡಿಯದೇ ಆಗಿ ಉಳಿದಿದೆ. ಎಂಜಿನ್ ಬೇಗ ಕೆಡುವುದಕ್ಕೂ, ರಸ್ತೆಯಲ್ಲಿ ಬೀಳುವುದಕ್ಕೂ ಇದೊಂದು ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಹಳೆಯ ಕಥೆಯಿಂದಲೇ ಶುರು ಮಾಡುತ್ತೇನೆ.

ಬಾಂಬು ಬಿದ್ದ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ

ನಾವು ಇಂದು ಸ್ಕೂಟರು ಎಂದು ಕರೆಯುವ ಗಾಡಿಯ ಅಚ್ಚು ರೂಪುಗೊಂಡದ್ದು ಇಟಲಿ ದೇಶದಲ್ಲಿ. ಅಲ್ಲಿ ಪಿಯಾಜಿಯೊ ಎಂಬ ಕಂಪನಿ ವಿಮಾನಗಳನ್ನು ಮಾಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಪೊಂಟೆಡೆರಾ ಊರಿನ ಅದರ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ಹಾಳಾಯಿತು. ಯುದ್ಧ ಮುಗಿದ ಮೇಲೆ ವಿಮಾನ ಕೇಳುವವರಿಲ್ಲ, ಜನರ ಕೈಯಲ್ಲಿ ದುಡ್ಡಿಲ್ಲ, ರಸ್ತೆಗಳೆಲ್ಲ ಗುಂಡಿ. ಕಂಪನಿಯ ಯಜಮಾನ ಎನ್ರಿಕೊ ಪಿಯಾಜಿಯೊ ಬಡವರೂ ಕೊಳ್ಳಬಹುದಾದ ಒಂದು ಸಣ್ಣ ಗಾಡಿ ಮಾಡಬೇಕೆಂದು ಯೋಚಿಸಿ, ಆ ಕೆಲಸವನ್ನು ಕೊರ‍್ರಾಡಿನೊ ಡಿ'ಅಸ್ಕಾನಿಯೊ ಎಂಬ ಎಂಜಿನಿಯರಿಗೆ ಒಪ್ಪಿಸಿದ. ಈತ ಹೆಲಿಕಾಪ್ಟರ್ ಕೆಲಸ ಮಾಡಿ ಹೆಸರಾದವನು. ಇವನಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ಹಾರುತ್ತೆ, ಕಾಲೆತ್ತಿ ಹತ್ತಬೇಕು, ಪಂಚರ್ ಆದರೆ ಚಕ್ರ ಬಿಚ್ಚೋದು ಕಷ್ಟ ಅನ್ನುವುದು ಇವನ ದೂರು.

ಆ ದೂರುಗಳಿಗೆ ಒಂದೊಂದಾಗಿ ಉತ್ತರ ಹುಡುಕಿದಾಗ ಸ್ಕೂಟರು ಹುಟ್ಟಿತು. ಎಂಜಿನ್ನನ್ನು ಹಿಂದಿನ ಚಕ್ರದ ಪಕ್ಕದಲ್ಲಿಟ್ಟು ತಗಡಿನಿಂದ ಮುಚ್ಚಿದ. ಚೈನನ್ನೇ ತೆಗೆದುಹಾಕಿದ. ಗೇರನ್ನು ಕೈಗೆ ತಂದ. ಮುಂದೆ ತಗಡಿನ ಗುರಾಣಿ, ಕೆಳಗೆ ಕಾಲಿಡಲು ಹಲಗೆಯಂಥ ಜಾಗ. ಲಂಗ ತೊಟ್ಟ ಹೆಂಗಸರೂ, ಪ್ಯಾಂಟು ಕೊಳೆಯಾಗದ ಹಾಗೆ ಗುಮಾಸ್ತರೂ ಕೂರಬಹುದು. ವಿಮಾನದ ಚಕ್ರ ಒಂದೇ ಮಗ್ಗುಲಲ್ಲಿ ಹಿಡಿದಿರುವ ಹಾಗೆ ಮುಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿಸಿದ. ಪಂಚರ್ ಆದರೆ ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿಕೊಂಡು ಹೋಗುತ್ತಾ ಇರಬಹುದು. 1946ರ ಏಪ್ರಿಲ್ 23ರಂದು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೊದಲ ಗಾಡಿಯ ಎಂಜಿನ್ 98 ಸಿಸಿ. ಸಣ್ಣ ನಡು, ದಪ್ಪ ಹಿಂಭಾಗ ಮತ್ತು ಗುಂಯ್ ಎನ್ನುವ ಶಬ್ದಕ್ಕೆ ತಕ್ಕಂತೆ 'ವೆಸ್ಪಾ' ಎಂದು ಹೆಸರಿಟ್ಟರು. ಇಟಲಿ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜದ ಹುಳು. ಮರುವರ್ಷ, 1947ರಲ್ಲಿ, ಮಿಲಾನ್ ನಗರದ ಇನೊಸೆಂಟಿ ಕಂಪನಿ 'ಲ್ಯಾಂಬ್ರೆಟಾ' ಸ್ಕೂಟರನ್ನು ಹೊರತಂದಿತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಎಂಜಿನ್ ಕಣ್ಣಿಗೆ ಕಾಣಬಾರದು, ಅದರ ಕೊಳೆ ಸವಾರನಿಗೆ ಮುಟ್ಟಬಾರದು ಎಂದೇ ಸ್ಕೂಟರು ಹುಟ್ಟಿದ್ದು. ಮುಚ್ಚಿಟ್ಟದ್ದರಿಂದ ಸುಖವೇನೋ ಆಯಿತು. ಆದರೆ ಕಾಣದ್ದನ್ನು ಮರೆಯುವುದು ಮನುಷ್ಯನ ಸ್ವಭಾವ.

ನಮ್ಮ ದೇಶಕ್ಕೆ ಬಂದ ಬಗೆ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸ್ಕೂಟರುಗಳು ಹಡಗಿನಲ್ಲಿ ಬರುತ್ತಿದ್ದವು. ಬಜಾಜ್ ಮನೆತನದ ಕಂಪನಿ 1948ರಿಂದ ಹೊರದೇಶದ ಗಾಡಿಗಳನ್ನು ತರಿಸಿ ಮಾರುತ್ತಿತ್ತು. ಲ್ಯಾಂಬ್ರೆಟಾ ಗಾಡಿಗಳನ್ನು 1950ರ ದಶಕದಲ್ಲಿ ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ಇಲ್ಲಿ ಜೋಡಿಸತೊಡಗಿತು. ಬಜಾಜ್ ಕಂಪನಿಗೆ ಇಲ್ಲಿಯೇ ಗಾಡಿ ತಯಾರಿಸಲು ಸರ್ಕಾರದ ಪರವಾನಗಿ ಸಿಕ್ಕಿದ್ದು 1959ರಲ್ಲಿ. ಪುಣೆ ಹತ್ತಿರದ ಆಕುರ್ಡಿಯಲ್ಲಿ ಕಾರ್ಖಾನೆ ಕಟ್ಟಿ, ಪಿಯಾಜಿಯೊ ಜೊತೆ ಒಪ್ಪಂದ ಮಾಡಿಕೊಂಡು ವೆಸ್ಪಾ 150 ಗಾಡಿ ಮಾಡಿದರು. ಆ ಒಪ್ಪಂದ 1971ರಲ್ಲಿ ಮುಗಿಯಿತು. 1972ರಲ್ಲಿ ಅದೇ ಅಚ್ಚಿನ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು 'ಚೇತಕ್' ಅಂತ ಹೊರತಂದರು. ಅದೇ ವರ್ಷ ಕೇಂದ್ರ ಸರ್ಕಾರ ಲಕ್ನೋದಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಸಂಸ್ಥೆ ಸ್ಥಾಪಿಸಿ, ಇನೊಸೆಂಟಿ ಕಂಪನಿಯ ಯಂತ್ರಗಳನ್ನು ಕೊಂಡು ತಂದಿತು.

ನಮ್ಮ ತಂದೆಯವರ ಕಾಲದವರಿಗೆ ಚೇತಕ್ ಅಂದರೆ ಮನೆಗೆ ಬಂದ ಲಕ್ಷ್ಮಿ. ಎಷ್ಟು ಗಾಡಿ ತಯಾರಿಸಬೇಕೆಂದು ಸರ್ಕಾರವೇ ಲೈಸೆನ್ಸಿನಲ್ಲಿ ನಿಗದಿ ಮಾಡುತ್ತಿದ್ದ ಕಾಲ ಅದು. ದುಡ್ಡು ಕಟ್ಟಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಹತ್ತು ವರ್ಷ ಕಾದವರೂ ಉಂಟು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆ ಹೊತ್ತಿಗೆ ಬರುತ್ತೆ ಅಂತ ಜನ ತಮಾಷೆ ಮಾಡುತ್ತಿದ್ದರು. ಅಷ್ಟು ಕಾದು ತಂದ ಗಾಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದರು. ಭಾನುವಾರ ಬಂದರೆ ಮಗ್ಗುಲ ಡೂಮು ಬಿಚ್ಚಿ ಒರೆಸೋದು, ಪ್ಲಗ್ ತೆಗೆದು ಉಪ್ಪು ಕಾಗದದಲ್ಲಿ ಉಜ್ಜೋದು. ಯಜಮಾನನಿಗೆ ಎಂಜಿನ್ನಿನ ಒಂದೊಂದು ಶಬ್ದವೂ ಗೊತ್ತಿತ್ತು.

ಟೂ ಸ್ಟ್ರೋಕ್ ಕಲಿಸಿದ ಅಭ್ಯಾಸ

ಚೇತಕ್, ಸೂಪರ್, ಪ್ರಿಯಾ, ಲ್ಯಾಂಬಿ, ವಿಜಯ್ ಎಲ್ಲವೂ ಟೂ ಸ್ಟ್ರೋಕ್ ಎಂಜಿನ್ನಿನ ಗಾಡಿಗಳು. ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಮಾಡಿದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳೂ ಅದೇ ಜಾತಿ. ಈ ಎಂಜಿನ್ನಿಗೆ ಎಣ್ಣೆಯ ತೊಟ್ಟಿ ಎಂಬುದು ಬೇರೆ ಇಲ್ಲ. ಪೆಟ್ರೋಲು ಮತ್ತು ಗಾಳಿ ಕ್ರ್ಯಾಂಕ್ ಇರುವ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗುತ್ತದೆ. ಹಾಗಾಗಿ ಪೆಟ್ರೋಲಿನಲ್ಲೇ ಟೂ-ಟಿ ಆಯಿಲ್ ಬೆರೆಸಿದರೆ ಅದು ಹೋಗುವ ದಾರಿಯಲ್ಲಿ ಬೇರಿಂಗು, ಪಿಸ್ಟನ್ ಎಲ್ಲಕ್ಕೂ ಸವರಿಕೊಂಡು ಹೋಗಿ, ಕೊನೆಗೆ ತಾನೂ ಉರಿದು ಹೊಗೆಯಾಗುತ್ತದೆ. ಚೇತಕ್‌ಗೆ ನೂರಕ್ಕೆ ಎರಡರಂತೆ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಲೀಟರ್ ಎಣ್ಣೆ ಹಾಕುತ್ತಿದ್ದರು. ಬಂಕಿನಲ್ಲಿ ಕೈಪಂಪಿನಿಂದ ಎಣ್ಣೆ ಬಿಟ್ಟು, ಗಾಡಿ ಅಲುಗಾಡಿಸಿ, ಕಿಕ್ ಹೊಡೆದು ಹೋಗುತ್ತಿದ್ದುದು ನಿಮಗೆ ನೆನಪಿರಬಹುದು. ಸ್ಟಾರ್ಟ್ ಆಗದಿದ್ದರೆ ಮಗ್ಗುಲಿಗೆ ವಾಲಿಸುತ್ತಿದ್ದುದೂ ಸಹ.

ಈ ಎಂಜಿನ್ ನಮ್ಮ ಜನಕ್ಕೆ ನಾಲ್ಕು ಅಭ್ಯಾಸ ಕಲಿಸಿತು. ಒಂದು, ಪೆಟ್ರೋಲ್ ಹಾಕಿಸಿದಾಗಲೇ ಎಣ್ಣೆಯೂ ಹೋಯಿತು, ಬೇರೆ ನೋಡಬೇಕಾದ್ದಿಲ್ಲ. ಎರಡು, ಪೆಟ್ರೋಲ್ ತೀರಿದರೆ ಕೆಳಗಿನ ನಲ್ಲಿ ರಿಸರ್ವಿಗೆ ತಿರುಗಿಸಿದರಾಯಿತು. ಮೂರು, ಇಳಿಜಾರಿನಲ್ಲಿ ಎಕ್ಸಿಲೇಟರ್ ಮುಚ್ಚಿ ಗೇರಿನಲ್ಲೇ ಬಹಳ ದೂರ ಇಳಿಸಬಾರದು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುವುದು ಕಮ್ಮಿ, ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ಆಗ ಪಿಸ್ಟನ್ ಹಿಡಿದು ಸೀಜ್ ಆಗುತ್ತದೆ. ಅದಕ್ಕೇ ಕ್ಲಚ್ ಹಿಡಿದೋ, ನ್ಯೂಟ್ರಲ್ ಮಾಡಿಯೋ, ಕೀ ಆಫ್ ಮಾಡಿಯೋ ಇಳಿಸುವ ಚಾಳಿ ಬಿತ್ತು. ನಾಲ್ಕು, ಎಡಗೈ ಇರುವುದು ಕ್ಲಚ್ಚಿಗೆ, ಬ್ರೇಕು ಬಲಗಾಲಲ್ಲಿ. ಮುಂದಿನ ಬ್ರೇಕು ಮುಟ್ಟಿದರೆ ಪಲ್ಟಿ ಹೊಡೀತೀಯ ಅನ್ನುವ ಮಾತು.

ಆ ಗಾಡಿಗೆ ಇವುಗಳಲ್ಲಿ ಎಷ್ಟೋ ಸರಿಯಾಗಿಯೇ ಇತ್ತು. ಆದರೆ ಗಾಡಿ ಬದಲಾಯಿತು.

ಗೇರು ಹೋಯಿತು, ಎಂಜಿನ್ ಬದಲಾಯಿತು

1980ರ ದಶಕದ ಮಧ್ಯದಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರಿಲ್ಲ, ಕ್ಲಚ್ಚಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟ್. ಟೂ ಸ್ಟ್ರೋಕ್ ಆದರೂ ಎಣ್ಣೆಗೆ ಬೇರೆ ಟ್ಯಾಂಕಿ ಇತ್ತು. 1985ರಲ್ಲಿ ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಮೋಟಾರ್ ಸೈಕಲ್ ಬಂತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನುವ ಅರ್ಥದ ಜಾಹೀರಾತು ಆಗ ಬಹಳ ಹೆಸರಾಯಿತು. 1991ರ ನಂತರ ಲೈಸೆನ್ಸಿನ ಕಟ್ಟುಪಾಡು ಸಡಿಲವಾಗಿ, ಬುಕ್ ಮಾಡಿ ಕಾಯುವುದು ಹಳೇ ಕಥೆಯಾಯಿತು. 1990ರ ದಶಕದ ಕೊನೆಗೆ ಮೋಟಾರ್ ಸೈಕಲ್ ಸ್ಕೂಟರನ್ನು ಹಿಂದೆ ಹಾಕಿತು. ಹೊಗೆಯ ಕಾನೂನು ವರ್ಷ ವರ್ಷ ಬಿಗಿಯಾಗಿ, ಎಣ್ಣೆ ಸುಟ್ಟು ಹೊಗೆ ಬಿಡುವ ಟೂ ಸ್ಟ್ರೋಕ್ ಹಿಂದೆ ಸರಿಯಿತು.

ಸ್ಕೂಟರಿನ ಕಥೆ ಮುಗಿಯಿತು ಅನ್ನುವ ಹೊತ್ತಿಗೆ, 2001ರಲ್ಲಿ ಹೋಂಡಾ ಕಂಪನಿಯ ಆಕ್ಟಿವಾ ಬಂತು. 102 ಸಿಸಿ ಫೋರ್ ಸ್ಟ್ರೋಕ್ ಎಂಜಿನ್, ಗೇರಿಲ್ಲ. ನಮ್ಮ ಸಂಘದ ವಯಸ್ಸೂ ಈ ಗಾಡಿಯ ವಯಸ್ಸೂ ಹೆಚ್ಚುಕಮ್ಮಿ ಒಂದೇ. ಹೆಣ್ಣುಮಕ್ಕಳು, ವಯಸ್ಸಾದವರು, ಕಿಕ್ ಹೊಡೆಯಲಾಗದವರು ಎಲ್ಲರೂ ಓಡಿಸತೊಡಗಿದರು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ತಾವೇ ಬ್ಯಾಂಕಿಗೆ ಹೋಗಿ ಬರುತ್ತಾರೆ ಅಂದರೆ ಅದರಲ್ಲಿ ಈ ಗಾಡಿಯ ಪಾಲೂ ಇದೆ. 2009ರ ಡಿಸೆಂಬರಿನಲ್ಲಿ ಬಜಾಜ್ ಕಂಪನಿಯೇ ಸ್ಕೂಟರು ತಯಾರಿಕೆ ಬಿಡುವುದಾಗಿ ಹೇಳಿತು. 2013ರಲ್ಲಿ ಹೋಂಡಾದವರು ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ತೆರೆದರು. ಚಿನ್ನದ ಗಣಿ ಮುಚ್ಚಿದ ಜಿಲ್ಲೆಯಿಂದ ಸ್ಕೂಟರುಗಳು ಹೊರಟವು.

ಎಂಜಿನ್ ಬದಲಾದ ಮೇಲೆ ಆರೈಕೆ ಬದಲಾಗಬೇಕು

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಪೆಟ್ರೋಲಿನ ಜೊತೆ ಹೋಗುವುದಿಲ್ಲ. ಎಂಜಿನ್ನಿನ ಕೆಳಗೆ ಒಂದು ಲೀಟರಿಗೂ ಕಮ್ಮಿ ಎಣ್ಣೆ ನಿಂತಿರುತ್ತದೆ, ಅದನ್ನೇ ಪಂಪು ಮತ್ತೆ ಮತ್ತೆ ಸುತ್ತಿಸುತ್ತದೆ. ಪಂಪುಸೆಟ್ಟಿನ ಡೀಸೆಲ್ ಎಂಜಿನ್ ನೋಡಿಕೊಂಡ ರೈತರಿಗೆ ಇದು ಹೊಸದೇನಲ್ಲ. ಆದರೆ 'ಪೆಟ್ರೋಲ್ ಹಾಕಿದೆ, ಮುಗೀತು' ಅನ್ನುವ ಟೂ ಸ್ಟ್ರೋಕ್ ಅಭ್ಯಾಸ ಸ್ಕೂಟರಿನ ಮಟ್ಟಿಗೆ ಹಾಗೇ ಉಳಿದಿದೆ. ಎಣ್ಣೆ ಕಮ್ಮಿಯಾದರೆ ಮೊದಲು ಮೇಲುಗಡೆ ಟಪ ಟಪ ಶಬ್ದ, ಆಮೇಲೆ ಹೊಗೆ, ಕೊನೆಗೆ ಎಂಜಿನ್ ಜಾಮ್. ಒಂದು ಡಬ್ಬಿ ಎಣ್ಣೆಯ ಬೆಲೆ ಒಂದಾಳಿನ ದಿನಗೂಲಿಗಿಂತ ಹೆಚ್ಚಲ್ಲ. ಬೋರು, ಪಿಸ್ಟನ್ ಮಾಡಿಸುವ ಖರ್ಚು ಒಂದು ತಿಂಗಳ ಹಾಲಿನ ಬಟವಾಡೆ ನುಂಗಬಹುದು.

ಸಮತಟ್ಟಾದ ಜಾಗದಲ್ಲಿ ನಡುವಿನ ಸ್ಟ್ಯಾಂಡ್ ಹಾಕಿ. ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಬಿಡಿ. ಎಣ್ಣೆಯ ಕಡ್ಡಿ ತೆಗೆದು, ಶುಭ್ರ ಬಟ್ಟೆಯಲ್ಲಿ ಒರೆಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಮತ್ತೆ ಇಳಿಸಿ ನೋಡಿ. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ತಿಂಗಳಿಗೆ ಎರಡು ಸಲ ಹೀಗೆ ನೋಡಿದರೆ ಸಾಕು.

ಇನ್ನೊಂದು ಮಾತು ಡೈರಿಗೆ ಬರುವವರೇ ಕೇಳಬೇಕು. ನಮ್ಮ ಗಾಡಿಗಳು ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಅಂತ ಒಂದೆರಡು ಕಿಲೋಮೀಟರ್ ಓಡಿ ನಿಲ್ಲುತ್ತವೆ. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಕಾಯದ ಎಂಜಿನ್ನಿನಲ್ಲಿ ನೀರಾವಿಯೂ ಪೆಟ್ರೋಲಿನ ಅಂಶವೂ ಎಣ್ಣೆಗೆ ಸೇರಿ ಉಳಿಯುತ್ತವೆ. ಕಿಲೋಮೀಟರ್ ಕಮ್ಮಿ ಓಡಿದೆ, ಎಣ್ಣೆ ಯಾಕೆ ಬದಲಾಯಿಸಬೇಕು ಅನ್ನಬೇಡಿ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಅಥವಾ ಅದರಲ್ಲಿ ಹೇಳಿದ ತಿಂಗಳು, ಯಾವುದು ಮೊದಲು ಬರುತ್ತದೋ ಆಗ ಬದಲಾಯಿಸಿ. ಬೈಕಿನ ಎಣ್ಣೆಯೇ ಬೇರೆ, ಗೇರಿಲ್ಲದ ಸ್ಕೂಟರಿನ ಎಣ್ಣೆಯೇ ಬೇರೆ. ಬೈಕಿನ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿರುತ್ತದೆ, ಸ್ಕೂಟರಿನದು ಒಣ ಕ್ಲಚ್ಚು. ಡಬ್ಬಿ ಮೇಲೆ ಬೈಕಿನದಕ್ಕೆ 'ಜಾಸೊ ಎಂಎ', ಸ್ಕೂಟರಿನದಕ್ಕೆ 'ಜಾಸೊ ಎಂಬಿ' ಎಂದಿರುತ್ತದೆ. ಹಿಂದಿನ ಚಕ್ರದ ಗೇರ್ ಪೆಟ್ಟಿಗೆಗೆ ಸ್ವಲ್ಪ ಎಣ್ಣೆ ಬೇರೆ ಇದೆ, ಅದನ್ನು ಮೆಕ್ಯಾನಿಕ್‌ಗೆ ನೆನಪಿಸಬೇಕು.

ಗೇರಿನ ಬದಲು ಒಳಗೆ ರಬ್ಬರ್ ಬೆಲ್ಟ್ ಇದೆ. ಹಿಟ್ಟಿನ ಗಿರಣಿ ಬೆಲ್ಟಿನ ಹಾಗೆ ಅದೂ ಸವೆಯುತ್ತದೆ, ಬಿರುಕು ಬಿಡುತ್ತದೆ, ಹೇಳದೆ ಕೇಳದೆ ತುಂಡಾಗುತ್ತದೆ. ಸರ್ವಿಸಿಗೆ ಬಿಟ್ಟಾಗ ಬೆಲ್ಟ್ ತೋರಿಸಪ್ಪಾ ಅಂತ ಕೇಳಿ ನೋಡಬೇಕು. ಏರ್ ಫಿಲ್ಟರ್ ಎಂಜಿನ್ನಿನ ಮೂಗು ಇದ್ದ ಹಾಗೆ. ನಮ್ಮ ಮಣ್ಣು ರಸ್ತೆಗಳಲ್ಲಿ ಬೇಗ ಕಟ್ಟಿಕೊಳ್ಳುತ್ತದೆ, ಆಗ ಮೈಲೇಜ್ ಬೀಳುತ್ತದೆ. ಈಚಿನ ಬಹಳಷ್ಟು ಗಾಡಿಗಳಲ್ಲಿ ಅದು ಎಣ್ಣೆ ಸವರಿದ ಕಾಗದದ್ದು. ಗಾಳಿ ಹೊಡೆದು, ನೀರಲ್ಲಿ ತೊಳೆದು ಮತ್ತೆ ಹಾಕುವುದಲ್ಲ, ಬದಲಾಯಿಸಬೇಕು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಸ್ಕೂಟರುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದಿದೆ. ಚೋಕ್ ಎಳೆಯೋದು, ರಿಸರ್ವ್ ನಲ್ಲಿ ತಿರುಗಿಸೋದು ಎರಡೂ ಇಲ್ಲ. ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಿರುತ್ತದೆ. 'ಇನ್ನೂ ಓಡುತ್ತೆ ಬಿಡು' ಅಂತ ಪದೇ ಪದೇ ಕೊನೇ ಹನಿಯವರೆಗೂ ಓಡಿಸಿದರೆ ಆ ಪಂಪು ಕೆಡುತ್ತದೆ. ನಮ್ಮ ಕಬ್ಬಿನಿಂದಲೂ ತಯಾರಾಗುವ ಎಥನಾಲನ್ನು ಈಗ ಪೆಟ್ರೋಲಿಗೆ ಬೆರೆಸುತ್ತಾರೆ. ರೈತರಿಗೆ ಅದು ಒಳ್ಳೆಯದೇ. ಆದರೆ ಎಥನಾಲ್ ನೀರಿನ ಪಸೆಯನ್ನು ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿಡುವುದು, ಟ್ಯಾಂಕಿನ ಮುಚ್ಚಳ ಸಡಿಲ ಬಿಡುವುದು ಬೇಡ.

ಕೈಯ ಅಭ್ಯಾಸವೂ ಬದಲಾಗಬೇಕು

ಗೇರಿಲ್ಲದ ಗಾಡಿಯಲ್ಲಿ ಎಡಗೈಗೆ ಕ್ಲಚ್ಚಿಲ್ಲ, ಅಲ್ಲಿರುವುದು ಹಿಂದಿನ ಬ್ರೇಕು. ಬಲಗೈಯದು ಮುಂದಿನ ಬ್ರೇಕು. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬಾಗುತ್ತದೆ, ಮುಂದಿನ ಚಕ್ರ ನೆಲವನ್ನು ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿಗೇ ಇರುವುದು. ಹಿಂದಿನದೊಂದನ್ನೇ ಒತ್ತಿ ಹಿಡಿದರೆ ಚಕ್ರ ಜಾರಿ ಗಾಡಿ ಅಡ್ಡ ಬೀಳುತ್ತದೆ. ಎರಡನ್ನೂ ಒಟ್ಟಿಗೆ, ಗಾಡಿ ನೆಟ್ಟಗಿರುವಾಗ, ಹದವಾಗಿ ಒತ್ತಬೇಕು. ಮರಳು, ಕೆಸರು, ತಿರುವಿನಲ್ಲಿ ಮುಂದಿನದನ್ನು ಜಗ್ಗಬಾರದು. ಅಲ್ಲಿಗೆ ಬರುವ ಮೊದಲೇ ವೇಗ ಇಳಿಸಬೇಕು. ಈ ಎಡವಟ್ಟು ತಪ್ಪಿಸಲೆಂದೇ 2019ರ ಏಪ್ರಿಲ್ 1ರಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಬ್ರೇಕು ಜೋಡಿಸಿರಬೇಕೆಂದು ಕಾನೂನು ಮಾಡಿದರು. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಲ್ಲಿ ಈ ಅನುಕೂಲ ಇಲ್ಲ.

ಬೆಟ್ಟ ಇಳಿಯುವಾಗ ಕೀ ಆಫ್ ಮಾಡುವ ಚಾಳಿ ಈಗ ಪ್ರಾಣಕ್ಕೆ ಎರವು. ಗೇರಿಲ್ಲದ ಗಾಡಿಯಲ್ಲಿ ಎಂಜಿನ್ ಹಿಡಿತ ಮೊದಲೇ ಕಮ್ಮಿ, ಆಫ್ ಮಾಡಿದರೆ ಅದೂ ಇಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬಿದ್ದು, ಡ್ರಮ್ ಕಾದು, ಹಿಡಿತವೇ ಸಿಗದ ಹಾಗೆ ಆಗುತ್ತದೆ. ಮಾದಪ್ಪನ ಬೆಟ್ಟಕ್ಕೆ, ಧರ್ಮಸ್ಥಳಕ್ಕೆ ಗಾಡಿಯಲ್ಲಿ ಹೋಗುವವರು ಇಳಿಯುವಾಗ ಎಂಜಿನ್ ಓಡುತ್ತಲೇ ಇರಲಿ. ನಿಧಾನವಾಗಿ, ಬ್ರೇಕು ಹಿಡಿದು ಬಿಟ್ಟು ಇಳಿಯಿರಿ. ನಡುವೆ ನಿಲ್ಲಿಸಿ ತಣಿಯಲು ಬಿಡಿ.

ವೇಗದ ಲೆಕ್ಕವನ್ನೂ ನೋಡಿ. 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ, 60ರಲ್ಲಿ ಸುಮಾರು 17 ಮೀಟರ್. ಅಡ್ಡ ಬಂದ ಎಮ್ಮೆಯನ್ನು ಕಂಡು ಕೈ ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಹೋಗಿಯಾಯಿತು. ಸ್ಕೂಟರಿನ ಚಕ್ರ ಚಿಕ್ಕದು. ಬೈಕು ಹತ್ತಿ ಇಳಿಯುವ ಗುಂಡಿಯಲ್ಲಿ ಇದು ಸಿಕ್ಕಿಕೊಳ್ಳುತ್ತದೆ. ಟೈರಿನ ಗಾಳಿ ಎಷ್ಟಿರಬೇಕೆಂದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಅನೇಕ ಸ್ಕೂಟರುಗಳಿಗೆ ಮುಂದೆ 22 ಪೌಂಡು, ಹಿಂದೆ ಒಬ್ಬರಿದ್ದರೆ 29, ಇಬ್ಬರಿದ್ದರೆ 36.

2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತದೆ. ದಾರಿಯಲ್ಲಿ ಹೋಗುವವರು ಈಗಲೂ ಕೈ ಮುಚ್ಚಿ ಬಿಚ್ಚಿ 'ಲೈಟ್ ಉರೀತಿದೆ' ಅಂತ ತೋರಿಸುತ್ತಾರೆ. ಅವರದು ಒಳ್ಳೇ ಮನಸ್ಸು, ಹಳೇ ಅಭ್ಯಾಸ. ಎದುರಿನವರಿಗೆ ನಾವು ಕಾಣಲಿ ಎಂದೇ ಅದನ್ನು ಹಾಗೆ ಮಾಡಿರುವುದು. ವೈರು ಕೀಳಿಸಬೇಡಿ.

ತಲೆಯ ಕಥೆ

ಹೆಲ್ಮೆಟ್ಟಿಗೂ ಒಂದು ಇತಿಹಾಸ ಇದೆ. 'ಅರೇಬಿಯಾದ ಲಾರೆನ್ಸ್' ಎಂದು ಪ್ರಸಿದ್ಧನಾದ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ಪೆಟ್ಟಾಗಿ ಆರು ದಿನ ಎಚ್ಚರವಿಲ್ಲದೆ ಮಲಗಿ ಮೇ 19ರಂದು ತೀರಿಕೊಂಡ. ಯುದ್ಧದಲ್ಲಿ ಬದುಕಿ ಬಂದವನು ಊರ ರಸ್ತೆಯಲ್ಲಿ ಹೋದ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕರು ಒಬ್ಬರು. ಇದು ಅವರ ಮನಸ್ಸಿನಲ್ಲಿ ಉಳಿಯಿತು. ಬ್ರಿಟಿಷ್ ಸೈನ್ಯದ ಮೋಟಾರ್ ಸೈಕಲ್ ಸವಾರರ ಸಾವುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಅವರು ಲೇಖನ ಪ್ರಕಟಿಸಿದರು. ಅದೇ ವರ್ಷ ನವೆಂಬರಿನಲ್ಲಿ ಸೈನ್ಯದ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಹೆಲ್ಮೆಟ್ ಧರಿಸಬೇಕೆಂದು ಬರೆದಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯವಾಯಿತು. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಬೇಕು. ಸಾವಿನ ಲೆಕ್ಕ ಕೇಂದ್ರ ಸಾರಿಗೆ ಇಲಾಖೆಯ ವರದಿಯಲ್ಲೇ ಇದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರು. ಅದರಲ್ಲಿ 74,897 ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಹಿಂದೆ ಕೂತವರು ಅಂದರೆ ನಮ್ಮ ನಮ್ಮ ಹೆಂಡತಿ, ತಾಯಿ, ಮಕ್ಕಳು.

'ಇಲ್ಲೇ ಡೈರಿಗೆ ಹೋಗಿ ಬರೋಕೆ ಹೆಲ್ಮೆಟ್ ಯಾಕೆ, ಪೊಲೀಸರೇನು ಇಲ್ಲಿಗೆ ಬರ್ತಾರಾ' ಅನ್ನುವವರಿದ್ದಾರೆ. ನೆಲಕ್ಕೆ ಬಡಿಯುವ ತಲೆಗೆ ಅದು ಡೈರಿ ರಸ್ತೆಯೋ ಹೈವೇಯೋ ಗೊತ್ತಾಗುವುದಿಲ್ಲ. ದಂಡ ತಪ್ಪಿಸಲು ಇಡುವ ಟೋಪಿಯಂಥ ಹೆಲ್ಮೆಟ್ ಬೇಡ. ಐಎಸ್‌ಐ ಗುರುತು ಮತ್ತು ಐಎಸ್ 4151 ಸಂಖ್ಯೆ ಇರುವುದನ್ನು ಕೊಂಡು, ಗದ್ದದ ಕೆಳಗೆ ಪಟ್ಟಿ ಬಿಗಿಯಬೇಕು.

ನಮ್ಮ ಹಳ್ಳಿ ರಸ್ತೆಯಲ್ಲಿ

20 ಲೀಟರಿನ ಕ್ಯಾನಿನಲ್ಲಿ ಹಾಲೊಂದೇ 20 ಕೆಜಿ ಮೇಲೆ ತೂಗುತ್ತದೆ. ಅದನ್ನು ಹ್ಯಾಂಡಲ್ಲಿಗೆ ನೇತುಹಾಕಿದರೆ ತಿರುವಿನಲ್ಲಿ ಹ್ಯಾಂಡಲ್ ನಮ್ಮ ಮಾತು ಕೇಳುವುದಿಲ್ಲ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಾಡಿ ಗಾಡಿಯನ್ನೇ ಎಳೆಯುತ್ತದೆ. ಕಾಲಿಡುವ ಜಾಗದಲ್ಲಿ, ಅಲುಗದ ಹಾಗೆ ಕಟ್ಟಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ ನೋಡಿ ಹೊರಡಬೇಕು. ಕಾಲು ಹೊರಗೆ ಜೋತುಬಿಡುವಷ್ಟು ದೊಡ್ಡ ಕ್ಯಾನು ಸ್ಕೂಟರಿಗೆ ಅಲ್ಲ.

ಸುಗ್ಗಿಯಲ್ಲಿ ರಾಗಿ, ಹುರುಳಿ ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡುವುದನ್ನು ನಾವೇ ನಿಲ್ಲಿಸಬೇಕು. ಕಾಳಿನ ಮೇಲೆ ಚಕ್ರ ಹೋದರೆ ಜಾರುತ್ತದೆ. ಕತ್ತಲಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿದರೆ ಎಷ್ಟೋ ಪ್ರಾಣ ಉಳಿಯುತ್ತದೆ. ಹಿಂದೆ ಕೂರುವ ಹೆಣ್ಣುಮಕ್ಕಳ ಸೆರಗು, ವೇಲು ಚಕ್ರಕ್ಕೆ ಸಿಕ್ಕದ ಹಾಗೆ ಸೀರೆಗಾರ್ಡು, ಹಿಡಿಕೆ, ಕಾಲಿಡುವ ಜಾಗ ಇರಬೇಕೆಂದು ನಿಯಮವೇ ಇದೆ. ಅಂದಕ್ಕಾಗಿ ಅದನ್ನು ಬಿಚ್ಚಿಸಬೇಡಿ. ಹೊರಡುವ ಮುಂಚೆ ಸೈಡ್ ಸ್ಟ್ಯಾಂಡ್ ಎತ್ತಿದೆಯೇ ನೋಡಿ. ಶಾಲೆ ಮಕ್ಕಳ ಕೈಗೆ ಕೀ ಕೊಡಬೇಡಿ. ಗೇರಿಲ್ಲದ್ದರಿಂದ ಹನ್ನೆರಡು ವರ್ಷದ ಹುಡುಗನೂ ಓಡಿಸಬಲ್ಲ, ಆದರೆ ನಿಲ್ಲಿಸಬಲ್ಲನೇ?

ಲೈಸೆನ್ಸ್ ಮತ್ತು ವಿಮೆ ಬಗ್ಗೆಯೂ ಎರಡು ಮಾತು. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸುತ್ತಾರೆ. ಐದು ವರ್ಷ ಆದ ಮೇಲೆ ಬಹಳ ಜನ ಮರೆತುಬಿಡುತ್ತಾರೆ. ಮಾಲೀಕನೇ ಓಡಿಸುವಾಗ ಸತ್ತರೆ ಕುಟುಂಬಕ್ಕೆ 15 ಲಕ್ಷ ರೂಪಾಯಿ ಸಿಗುವ ವೈಯಕ್ತಿಕ ಅಪಘಾತ ವಿಮೆಯೂ ಇದೆ, ಆದರೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಯಾರಾದರೂ ಬಿದ್ದಿದ್ದರೆ ಹೆದರಿ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಕಾಪಾಡಿದವರಿಗೆ ತೊಂದರೆ ಕೊಡಬಾರದೆಂದು 2019ರ ತಿದ್ದುಪಡಿಯಲ್ಲಿ ರಕ್ಷಣೆ ಇದೆ.

ಈಗ ಮತ್ತೊಮ್ಮೆ ಬದಲಾಗುತ್ತಿದೆ

ಬೆಂಗಳೂರಿನಲ್ಲಿ 2018ರಲ್ಲಿ ಏಥರ್ ಕಂಪನಿಯ ವಿದ್ಯುತ್ ಸ್ಕೂಟರು ರಸ್ತೆಗೆ ಬಂತು. ನಿಂತುಹೋಗಿದ್ದ ಚೇತಕ್ ಹೆಸರು 2020ರ ಜನವರಿಯಲ್ಲಿ ವಿದ್ಯುತ್ ಗಾಡಿಯಾಗಿ ಮರಳಿ ಬಂತು. ಮೊದಲು ಮಾರಿದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. ಈ ಗಾಡಿಗೆ ಪ್ಲಗ್ ಇಲ್ಲ, ಎಂಜಿನ್ ಎಣ್ಣೆ ಇಲ್ಲ, ಶಬ್ದವೂ ಇಲ್ಲ. ಹಾಗಾದರೆ ನೋಡಿಕೊಳ್ಳೋದೇ ಬೇಡವೇ? ಬ್ರೇಕು, ಟೈರು, ಹೆಲ್ಮೆಟ್ ಹಾಗೇ ಇವೆ. ಶಬ್ದವಿಲ್ಲದ್ದರಿಂದ ದನಕ್ಕೂ ಅಜ್ಜಿಗೂ ಗಾಡಿ ಬಂದದ್ದು ತಿಳಿಯುವುದಿಲ್ಲ, ಊರೊಳಗೆ ನಿಧಾನ ಬೇಕು. 2022ರಲ್ಲಿ ಕೆಲವು ಕಡೆ ಇಂಥ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಕಂಪನಿ ಕೊಟ್ಟ ಚಾರ್ಜರನ್ನೇ, ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ. ಪಂಪುಸೆಟ್ ವೈರಿನಿಂದ ಕೊಂಡಿ ಹಾಕುವುದು, ಹುಲ್ಲಿನ ಮೆದೆ ಪಕ್ಕ ಚಾರ್ಜ್ ಮಾಡುವುದು ಬೇಡ.

ಚೇತಕ್ ಕಾಲದವರು ಗಾಡಿಯ ಒಳಗನ್ನು ಬಲ್ಲವರಾಗಿದ್ದರು, ಯಾಕೆಂದರೆ ಬಲ್ಲದಿದ್ದರೆ ಅದು ಓಡುತ್ತಿರಲಿಲ್ಲ. ಇಂದಿನ ಗಾಡಿ ಬಲ್ಲದವನನ್ನೂ ಹೊತ್ತು ಓಡುತ್ತದೆ, ಒಂದು ದಿನ ನಿಲ್ಲುವವರೆಗೆ ಅಥವಾ ಬೀಳಿಸುವವರೆಗೆ.

ಸಂಘದ ಒಬ್ಬ ನಿರ್ದೇಶಕನಾಗಿ ಸರ್ವಸದಸ್ಯರ ಮುಂದೆ ಮೂರು ಸಲಹೆ ಇಡುತ್ತೇನೆ. ಡೈರಿ ಆವರಣದಲ್ಲಿ ಗಾಳಿ ಹಾಕುವ ಪಂಪು ಮತ್ತು ಗಾಳಿಯ ಅಳತೆ ಮಾಪಕ ಇಡೋಣ. ವಾರ್ಷಿಕ ಮಹಾಸಭೆಯ ದಿನ ಮೆಕ್ಯಾನಿಕ್ ಕರೆಸಿ ಎಲ್ಲರ ಗಾಡಿಯ ಎಣ್ಣೆ, ಬ್ರೇಕು, ಬೆಲ್ಟು ನೋಡಿಸೋಣ. ಹಾಲಿನ ಬಟವಾಡೆಯಲ್ಲಿ ಕಂತಾಗಿ ಹಿಡಿದುಕೊಳ್ಳುವ ಹಾಗೆ ಮನೆಗೆ ಎರಡು ಐಎಸ್‌ಐ ಹೆಲ್ಮೆಟ್ ಕೊಡಿಸೋಣ. ಒಂದು ಓಡಿಸುವವರಿಗೆ, ಒಂದು ಹಿಂದೆ ಕೂರುವವರಿಗೆ. ರಾಸುಗಳಿಗೆ ವಿಮೆ ಮಾಡಿಸುವ ನಾವು ಹಾಲು ತರುವವರ ತಲೆಯ ಬಗ್ಗೆಯೂ ಯೋಚಿಸುವುದು ಸಹಕಾರ ತತ್ವಕ್ಕೆ ಒಪ್ಪುವ ಮಾತು ಎಂದು ನಂಬಿದ್ದೇನೆ. ಸಂಘದ ಸುವರ್ಣ ಮಹೋತ್ಸವಕ್ಕೂ ನಾವೆಲ್ಲರೂ ಕೈಕಾಲು ಗಟ್ಟಿಯಾಗಿ ಸೇರೋಣ.

ಜೈ ಸಹಕಾರ.